8ನೇ ಕ್ಲಾಸ್ ಕ್ಯಾಟಪಲ್ಟ್ ಪ್ರಾಜೆಕ್ಟ್‌ಗೆ ಮಾರ್ಕ್ಸ್ ಹೇಗೆ ಕೊಡೋದು? ದೂರ ನೋಡಿ ಕೊಟ್ರೆ ಸಾಕಾ?

ತುಮಕೂರು_ವಿಜ್ಞಾನ

ಎಲ್ರಿಗೂ ನಮಸ್ಕಾರ. 8ನೇ ಕ್ಲಾಸಿಗೆ ವಿಜ್ಞಾನ ತಗೋತೀನಿ, ಅನುದಾನಿತ ಶಾಲೆ. ಬಲ ಮತ್ತು ಒತ್ತಡದ ಪಾಠ ಮುಗಿದ ಮೇಲೆ ಮಕ್ಕಳಿಗೆ ಐಸ್‌ಕ್ರೀಂ ಕಡ್ಡಿ, ರಬ್ಬರ್ ಬ್ಯಾಂಡ್, ಬಾಟಲ್ ಮುಚ್ಚಳ ಇಟ್ಕೊಂಡು ಕ್ಯಾಟಪಲ್ಟ್ (ಉಂಡೆ ಎಸೆಯೋ ಪುಟ್ಟ ಯಂತ್ರ) ಮಾಡ್ಕೊಂಡು ಬನ್ನಿ ಅಂದಿದ್ದೆ, ನಾಲ್ಕು ನಾಲ್ಕು ಜನರ ಗುಂಪು, ಎಸೆಯೋದು ಪೇಪರ್ ಉಂಡೆ ಮಾತ್ರ. ಒಟ್ಟು 20 ಮಾರ್ಕ್ಸ್. ಮಾಡ್ಕೊಂಡು ಬಂದಿದ್ದಾರೆ, ಖುಷಿಯಾಗಿದ್ದಾರೆ, ಮುಂದಿನ ವಾರ ಮಾರ್ಕ್ಸ್ ಹಾಕ್ಬೇಕು.

ಸಮಸ್ಯೆ ಏನಂದ್ರೆ ಒಂದು ಗುಂಪಿನದು ನೋಡಿದ್ರೇ ಗೊತ್ತಾಗುತ್ತೆ ಬಡಗಿ ಕೈಯಲ್ಲಿ ಮಾಡಿಸಿದ್ದು ಅಂತ, ನೀಟಾಗಿದೆ, ಎಲ್ಲರಿಗಿಂತ ದೂರ ಹೋಗುತ್ತೆ. ಇನ್ನೊಂದು ಗುಂಪಿನದು ಓರೆಕೋರೆ, ಆದ್ರೆ ಅವರು ನನ್ನ ಕಣ್ಣೆದುರಿಗೇ ಬಿಚ್ಚಿ ಬಿಚ್ಚಿ ಮತ್ತೆ ಕಟ್ಟಿದ್ದಾರೆ. ಬರೀ ದೂರ ಅಳೆದ್ರೆ ಮೊದಲನೇ ಗುಂಪಿಗೆ 20, ಇವರಿಗೆ 10. ಇದು ನ್ಯಾಯ ಅನ್ನಿಸ್ತಿಲ್ಲ. ಗುಂಪಿನಲ್ಲಿ ಯಾರು ಕೆಲಸ ಮಾಡಿದ್ರು ಅನ್ನೋದನ್ನ ಹೇಗೆ ಕಂಡುಹಿಡಿಯೋದು ಅನ್ನೋದೂ ಗೊತ್ತಾಗ್ತಿಲ್ಲ. ನೀವೆಲ್ಲ ಹೇಗೆ ಮಾಡ್ತೀರಿ?

ಗಣಿತ_ಮೇಡಂ

ಸರ್, ದೂರಕ್ಕೆ ಮಾರ್ಕ್ಸ್ ಕೊಡಲೇಬೇಡಿ ಅಂತ ನಾನು ಹೇಳಲ್ಲ, ಆದ್ರೆ ಒಂದೇ ಒಂದು ಒಳ್ಳೇ ಎಸೆತಕ್ಕೆ ಕೊಡಬೇಡಿ. ಪ್ರತಿ ಗುಂಪೂ ಏನೂ ಬದಲಾಯಿಸದೆ ಐದು ಸಲ ಎಸೀಲಿ, ಐದೂ ಬರೀಲಿ. ಒಂದು ಗುಂಪಿಗೆ 310, 180, 420, 250, 390 ಸೆಂ.ಮೀ. ಬಂತು ಅನ್ಕೊಳ್ಳಿ, ಸರಾಸರಿ 310. ಇನ್ನೊಂದು ಗುಂಪಿಗೆ 262, 270, 258, 265, 260 ಬಂತು, ಸರಾಸರಿ 263. ದೂರ ನೋಡಿದ್ರೆ ಮೊದಲನೇದು ಗೆಲ್ಲುತ್ತೆ. ಆದ್ರೆ ಅದರ ಕನಿಷ್ಠ ಗರಿಷ್ಠದ ನಡುವೆ 240 ಸೆಂ.ಮೀ. ಅಂತರ ಇದೆ, ಎರಡನೇದಕ್ಕೆ ಬರೀ 12. ನನ್ನ ಲೆಕ್ಕದಲ್ಲಿ ಎರಡನೇದೇ ಒಳ್ಳೇ ಯಂತ್ರ, ಯಾಕಂದ್ರೆ ಎಲ್ಲಿ ಬೀಳುತ್ತೆ ಅಂತ ಮೊದಲೇ ಹೇಳಬಹುದು. ಏಳನೇ ಕ್ಲಾಸಲ್ಲಿ ಸರಾಸರಿ ಕಲಿತು ಬಂದಿರೋ ಮಕ್ಕಳಿಗೆ ಅದು ಯಾವ ಕೆಲಸಕ್ಕೆ ಬರುತ್ತೆ ಅಂತ ಇಲ್ಲೇ ಕಾಣ್ಸುತ್ತೆ.

ಅಳೆಯುವಾಗ ಉಂಡೆ ಮೊದಲು ನೆಲಕ್ಕೆ ಬಿದ್ದ ಜಾಗ ತಗೊಳ್ಳಿ, ಉರುಳಿ ನಿಂತ ಜಾಗ ಅಲ್ಲ. ನೆಲದ ಮೇಲೆ ರಂಗೋಲಿ ಪುಡಿ ತೆಳ್ಳಗೆ ಉದುರಿಸಿದ್ರೆ ಗುರುತು ಬೀಳುತ್ತೆ. ಇನ್ನೊಬ್ಬ ವಿದ್ಯಾರ್ಥಿ ಪಕ್ಕದಲ್ಲಿ ಕೂತು ನೋಡಲಿ.

ಧಾರವಾಡ_ಮಾಸ್ತರ

ಸರ್, ಬಡಗಿ ಮಾಡಿಕೊಟ್ಟಿದ್ದಕ್ಕ ಒಂದು ದಾರಿ ಐತ್ರಿ. ಎಲ್ಲಾ ಗುಂಪಿಗೂ ಕ್ಲಾಸ್ ಒಳಗ ಹದಿನೈದು ನಿಮಿಷ ಕೊಡ್ರಿ, ಬೋರ್ಡ್ ಮ್ಯಾಲ ಹೊಸಾ ಗುರಿ ಬರೀರಿ, ಉದಾಹರಣೆಗೆ ಎರಡು ಮೀಟರ್ ದೂರದಾಗ ಒಂದು ಬಕೆಟ್, ಅದರೊಳಗ ಬೀಳಬೇಕು. ಮೊದಲೇ ಹೇಳಬ್ಯಾಡ್ರಿ. ತಾವೇ ಮಾಡಿದ ಹುಡುಗರು ತಕ್ಷಣ ರಬ್ಬರ್ ಬ್ಯಾಂಡ್ ಸಡ್ಲ ಮಾಡ್ತಾರ, ಕಡ್ಡಿ ಸರಸ್ತಾರ, ಯಾಕಂದ್ರ ಯಾವುದನ್ನ ಮುಟ್ಟಿದ್ರ ಏನಾಗ್ತದ ಅಂತ ಅವರಿಗೆ ಗೊತ್ತಿರ್ತದ. ಮಾಡಿಸಿಕೊಂಡು ಬಂದವರು ಮೊಳೆ ಹೊಡದ ಯಂತ್ರದ ಮುಂದ ಸುಮ್ಮನ ನಿಂದರ್ತಾರ. ಅವರನ್ನ ಬೈಯೋದು ಬ್ಯಾಡ್ರಿ, ಕಡ್ಡಿ ರಬ್ಬರ್ ಬ್ಯಾಂಡ್ ಕೊಟ್ಟು ಅಲ್ಲೇ ಒಂದು ಮಾಡ್ರಿ ಅನ್ರಿ, ಮಾಡ್ತಾರ.

ನಾನು 20 ಮಾರ್ಕ್ಸ್ ಹಿಂಗ ಹಂಚತೀನ್ರಿ. ಮೊದಲಿನ ಸ್ಕೆಚ್ಚು ಮತ್ತ ಯೋಚನೆಗೆ 3, ರೀಡಿಂಗ್ ತಗೊಂಡಿದ್ದಕ್ಕ 6, ಏನು ಬದಲಿಸಿದ್ರಿ ಯಾಕ ಬದಲಿಸಿದ್ರಿ ಅನ್ನೋದಕ್ಕ 6, ಕೊಟ್ಟ ಗುರಿ ಮುಟ್ಟಿದ್ದಕ್ಕ ಬರೇ 2, ಉಳಿದ 3 ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ, ಬಾಯಿಮಾತಿನ್ಯಾಗ. ಚಂದ ಕಾಣೋದಕ್ಕ ಸೊನ್ನೆ. ಇದನ್ನ ಪ್ರಾಜೆಕ್ಟ್ ಕೊಡೋ ದಿನಾನ ಗೋಡೆಗೆ ಹಚ್ಚಿಬಿಡ್ರಿ, ಆಮ್ಯಾಲೆ ಪಾಲಕರೂ ಏನೂ ಕೇಳಂಗಿಲ್ಲ.

ತುಮಕೂರು_ವಿಜ್ಞಾನ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬಕೆಟ್ ಐಡಿಯಾ ಖಂಡಿತ ಮಾಡ್ತೀನಿ. ಈ ಸಲ ಮೊದಲೇ ಹಂಚಿಕೆ ಹೇಳಿರಲಿಲ್ಲ, ಹಾಗಾಗಿ ಇನ್ನೊಂದು ವಾರ ಟೈಮ್ ಕೊಟ್ಟು, ಇದೇ ಹಂಚಿಕೆ ತೋರಿಸಿ, ಎರಡನೇ ಮಾಡೆಲ್‌ಗೆ ಮಾರ್ಕ್ಸ್ ಹಾಕೋಣ ಅಂತಿದ್ದೀನಿ. ಒಂದು ಡೌಟು. "ಯಾಕೆ ಬದಲಿಸಿದ್ರಿ" ಅನ್ನೋದಕ್ಕೆ 6 ಮಾರ್ಕ್ಸ್ ಅಂದ್ರಲ್ಲ, 8ನೇ ಕ್ಲಾಸ್ ಮಕ್ಕಳಿಂದ ಎಷ್ಟು ಆಳದ ಉತ್ತರ ನಿರೀಕ್ಷೆ ಮಾಡ್ಬಹುದು? ಬರೆಯೋದ್ರಲ್ಲಿ ಹಿಂದೆ ಇರೋ ಮಕ್ಕಳು ಕೆಲವರು ಇದ್ದಾರೆ, ಅವರಿಗೆ ಅನ್ಯಾಯ ಆಗ್ಬಾರ್ದು.

ಲ್ಯಾಬ್_ಮೆಂಟರ್

ನಾನು ಮೆಕ್ಯಾನಿಕಲ್ ಎಂಜಿನಿಯರ್, ಶನಿವಾರ ಒಂದು ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬಿಗೆ (ಮಕ್ಕಳು ತಾವೇ ಕೈಯಾರೆ ಮಾಡಿ ಕಲಿಯೋ ಲ್ಯಾಬು) ಹೋಗ್ತೀನಿ. ಈ ಪ್ರಶ್ನೆ ನನಗೆ ಬಹಳ ಮುಖ್ಯ ಅನ್ಸುತ್ತೆ.

ಆಳ ಅಂದ್ರೆ ಸೂತ್ರ ಅಲ್ಲ ಸರ್. ಕಾರಣ ಮತ್ತು ಪರಿಣಾಮ ಜೋಡಿಸಿ ಹೇಳಿದ್ರೆ ಸಾಕು. "ಚೆನ್ನಾಗಿ ಹೋಗ್ಲಿ ಅಂತ ಬದಲಿಸಿದ್ವಿ" ಅಂದ್ರೆ 2. "ರಬ್ಬರ್ ಬ್ಯಾಂಡ್ ಒಂದು ಜಾಸ್ತಿ ಹಾಕಿದ್ವಿ, ದೂರ ಜಾಸ್ತಿ ಆಯ್ತು" ಅಂದ್ರೆ 4. ಪೂರ್ತಿ 6 ಯಾರಿಗೆ ಅಂದ್ರೆ, ಐಸ್‌ಕ್ರೀಂ ಕಡ್ಡಿ ಕ್ಯಾಟಪಲ್ಟಲ್ಲಿ ಮಧ್ಯದ ಕಡ್ಡಿಗಳ ಅಟ್ಟಿ ಎತ್ತರ ಮಾಡಿದ್ರೆ ಎರಡು ವಿಷಯ ಒಟ್ಟಿಗೆ ಬದಲಾಗುತ್ತೆ, ತೋಳು (ಉಂಡೆ ಎಸೆಯೋ ಕಡ್ಡಿ) ಹೆಚ್ಚು ಬಾಗುತ್ತೆ, ಉಂಡೆ ಹೊರಡೋ ಕೋನವೂ ಬದಲಾಗುತ್ತೆ, ಹಾಗಾಗಿ ದೂರ ಯಾವುದರಿಂದ ಹೆಚ್ಚಾಯ್ತು ಅಂತ ಅಷ್ಟರಿಂದಲೇ ಹೇಳೋಕಾಗಲ್ಲ. ಇದನ್ನ ಗಮನಿಸಿದ ಮಗು, ತೋಳಿಗೆ ಅಡ್ಡ ಒಂದು ಕಡ್ಡಿ ಕಟ್ಟಿ ತೋಳು ಬಂದು ನಿಲ್ಲೋ ಜಾಗ ಮಾತ್ರ ಬದಲಾಯಿಸಿ ನೋಡಿದ್ರೆ, ಉಂಡೆ ದೂರ ಹೋಗ್ಲಿ ಬಿಡ್ಲಿ, ಪೂರ್ತಿ ಕೊಡಿ.

ಕೆಲವು ಮಕ್ಕಳು ಎಲ್ಲೋ ಕೇಳಿಕೊಂಡು "45 ಡಿಗ್ರಿ ಬೆಸ್ಟು" ಅಂತ ಬರೀತಾರೆ. ಗಾಳಿಯ ತಡೆ ಇಲ್ಲದೆ, ಹೊರಟ ಮಟ್ಟಕ್ಕೇ ಬಂದು ಬಿದ್ರೆ ಅದು ಸರಿ. ಮೇಜಿನ ಮೇಲಿಂದ ನೆಲಕ್ಕೆ ಎಸೆದ್ರೆ 45ಕ್ಕಿಂತ ಕಮ್ಮಿ ಕೋನದಲ್ಲೇ ಹೆಚ್ಚು ದೂರ ಹೋಗುತ್ತೆ, ಹಗುರವಾದ ಪೇಪರ್ ಉಂಡೆಗೆ ಗಾಳಿಯೂ ಅಡ್ಡ ಬರುತ್ತೆ. ಅವರ ರೀಡಿಂಗಲ್ಲಿ 35 ಡಿಗ್ರಿ ಚೆನ್ನಾಗಿ ಬಂದಿದ್ದು, ಅದನ್ನ ಮುಚ್ಚಿಟ್ಟು 45 ಅಂತ ಬರೆದ್ರೆ ಅಲ್ಲಿ ಮಾರ್ಕ್ಸ್ ಕಟ್ ಮಾಡಿ. ಬಂದದ್ದನ್ನೇ ಬರೆದವರಿಗೆ ಧೈರ್ಯ ಹೇಳಿ. ಇದನ್ನ ನಾವು ಈ ವಯಸ್ಸಲ್ಲೇ ಕಲಿಸದಿದ್ರೆ ಪಿಯುಸಿ ಲ್ಯಾಬಿಗೆ ಬರೋ ಹೊತ್ತಿಗೆ ರೀಡಿಂಗ್ ಕಾಪಿ ಹೊಡೆಯೋದು ಅಭ್ಯಾಸ ಆಗಿಬಿಟ್ಟಿರುತ್ತೆ.

ಬರೆಯೋಕೆ ಕಷ್ಟ ಇರೋ ಮಕ್ಕಳಿಗೆ, ಪ್ರತಿ ಬದಲಾವಣೆಗೂ ಒಂದು ಚಿತ್ರ, ಅದರ ಪಕ್ಕ ಐದು ನಂಬರ್, ಅಷ್ಟೇ ಕೇಳಿ. ಕಾರಣ ಬಾಯಲ್ಲಿ ಹೇಳಲಿ, ಅವರವರ ಮಾತಲ್ಲೇ ಹೇಳಲಿ, "ಸನ್ನೆ" (ಲಿವರ್), "ಆಧಾರ ಬಿಂದು" (ಸನ್ನೆ ಆನಿಕೊಳ್ಳೋ ಜಾಗ) ಅನ್ನೋ ಪದ ಬರದಿದ್ರೂ ಬೆರಳಿಟ್ಟು "ಇದು ಇಲ್ಲಿ ಆನುತ್ತೆ" ಅಂತ ತೋರಿಸಿದ್ರೆ ಒಪ್ಕೊಳ್ಳಿ. ಜೋಳದ ಹೊಲದಲ್ಲಿ ಹಕ್ಕಿ ಓಡಿಸೋಕೆ ಕವಣೆ ಬೀಸಿದ ಮಗುವಿಗೆ ಯಾವ ಕ್ಷಣದಲ್ಲಿ ಬಿಟ್ರೆ ಕಲ್ಲು ಎಲ್ಲಿಗೆ ಹೋಗುತ್ತೆ ಅನ್ನೋದು ಕೈಗೇ ಗೊತ್ತಿರುತ್ತೆ, ಅದನ್ನ ಹೊರಗೆ ತರೋ ಪ್ರಶ್ನೆ ನಾವು ಕೇಳ್ಬೇಕು.

ಗಣಿತ_ಮೇಡಂ

ಲ್ಯಾಬ್ ಮೆಂಟರ್ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಒಬ್ಬೊಬ್ಬರ 3 ಮಾರ್ಕ್ಸಿಗೆ, ಗುಂಪಿನಲ್ಲಿ ಯಾರನ್ನ ಕೇಳ್ತೀರಿ ಅಂತ ಮೊದಲೇ ಹೇಳಬೇಡಿ, ಚೀಟಿ ಎತ್ತಿ. ನಮ್ಮಲ್ಲಿ ಹುಡುಗರು ಕಟ್ಟೋದು, ಹುಡುಗಿಯರು ನೀಟಾಗಿ ಬರೆಯೋದು ಅಂತ ತಾವಾಗೇ ಹಂಚಿಕೊಂಡುಬಿಡ್ತಾರೆ. ಪ್ರತಿ ಸುತ್ತಿಗೂ ಕೆಲಸ ಬದಲಾಯಿಸಿ, ಕಟ್ಟಿದವರು ಅಳೀಲಿ, ಬರೆದವರು ಕಟ್ಟಲಿ, ಆಗ ನಾಲ್ಕೂ ಜನ ಉತ್ತರ ಕೊಡೋ ಸ್ಥಿತಿಯಲ್ಲಿರ್ತಾರೆ.

ಧಾರವಾಡ_ಮಾಸ್ತರ

ಇನ್ನೊಂದು ನೆನಪಿರ್ಲಿ ಸರ್, ರಬ್ಬರ್ ಬ್ಯಾಂಡ್ ಜಗ್ಗಿ ಜಗ್ಗಿ ಸಡ್ಲ ಆಗ್ತಾವ. ವಾರ ಪೂರ್ತಿ ಪ್ರಾಕ್ಟೀಸ್ ಮಾಡಿದ ಗುಂಪಿಗೇ ಕಡೀ ದಿನ ದೂರ ಕಮ್ಮಿ ಬರ್ತದ, ಪಾಪ. ಪರೀಕ್ಷೆ ದಿನ ಎಲ್ಲಾರಿಗೂ ಒಂದೇ ಪ್ಯಾಕೆಟ್ಟಿಂದ ಹೊಸಾ ಬ್ಯಾಂಡ್ ಕೊಡ್ರಿ, ಎರಡು ಎಸೆತ ಲೆಕ್ಕಕ್ಕಿಲ್ಲದಂಗ ಬಿಡ್ರಿ. ಕಣ್ಣಿಗೆ ಪೆಟ್ಟು ಬೀಳದಂಗ ರಕ್ಷಣಾ ಕನ್ನಡಕ ಹಾಕದ ಗುಂಪಿಗೆ ಎಸಿಯಾಕ ಬಿಡಬ್ಯಾಡ್ರಿ, ಅದಕ್ಕ ಮಾರ್ಕ್ಸ್ ಇಡಬ್ಯಾಡ್ರಿ, ಅದು ಮಾರ್ಕ್ಸಿನ ವಿಷಯ ಅಲ್ಲ.