ಅಲರ್ಜಿ ಇಂಜೆಕ್ಷನ್ ನಂತರದ ರಿಯಾಕ್ಷನ್: ಗ್ರೇಡ್ ಲೆಕ್ಕ ಹೇಗೆ?

ಪ್ರಶ್ನೆ: ಮಗಳಿಗೆ ಧೂಳಿನ ಅಲರ್ಜಿಗೆ ಇಂಜೆಕ್ಷನ್ (ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ಮೈಗೆ ರೂಢಿ ಮಾಡಿಸೋದು) ನಡೀತಿದೆ. ಒಮ್ಮೆ ತೋಳು ಅಂಗೈಯಗಲ ಊದಿತ್ತು, ಫೈಲಿನಲ್ಲಿ ಯಾವ ಗ್ರೇಡೂ ಬರೆಯಲಿಲ್ಲ. ಈ ಸಲ ಊತ ಕಮ್ಮಿ, ಕುತ್ತಿಗೆ ಮೇಲೆ ನಾಲ್ಕು ಗಂಧೆ ಎದ್ದವು ಅಷ್ಟೆ. ಅದಕ್ಕೆ "ಗ್ರೇಡ್ 1" ಅಂತ ಬರೆದಿದ್ದಾರೆ. ಇದು ಸರಿನಾ? ಅನುಭವ ಇದ್ದವರು ಹೇಳಿ.

ಉತ್ತರ: ಸರಿಯಾಗೇ ಬರೆದಿದ್ದಾರೆ. ಚುಚ್ಚಿದ ಜಾಗದ ಊತ ಎಷ್ಟೇ ದೊಡ್ಡದಿರಲಿ, ಅದು ಸ್ಥಳೀಯ, ಈ ಲೆಕ್ಕಕ್ಕೆ ಬರಲ್ಲ. ಆ ಜಾಗ ಬಿಟ್ಟು ಬೇರೆ ಕಡೆ ಕಾಣಿಸಿದ್ದಕ್ಕೆ ಮಾತ್ರ ಗ್ರೇಡ್, ಅಂದರೆ ರಿಯಾಕ್ಷನ್ ಎಷ್ಟು ಜೋರು ಅನ್ನೋ ನಂಬರ್. ವಿಶ್ವ ಅಲರ್ಜಿ ಸಂಸ್ಥೆ 2010ರಲ್ಲಿ ಮಾಡಿದ ಪಟ್ಟಿಯನ್ನು 2017ರಲ್ಲಿ ತಿದ್ದಿದರು. ಈಗಿನ ಪ್ರಕಾರ ಚರ್ಮ, ಮೂಗು, ಕಣ್ಣು ಇವುಗಳಲ್ಲಿ ಒಂದೇ ಆದರೆ 1. ಗಂಧೆ ಜೊತೆ ಸೀನೂ ಶುರುವಾದರೆ 2. ಔಷಧಕ್ಕೆ ಬಗ್ಗುವ ಉಬ್ಬಸ, ಇಲ್ಲವೇ ವಾಂತಿ, ಹೊಟ್ಟೆ ನುಲಿತ ಬಂದರೆ 3. ಔಷಧಕ್ಕೂ ಬಗ್ಗದ ಉಬ್ಬಸ ಅಥವಾ ಗಂಟಲ ಒಳಗಿನ ಊತ 4. ಬಿಪಿ ಕುಸಿತ, ಪ್ರಜ್ಞೆ ತಪ್ಪುವುದು, ಉಸಿರಾಟವೇ ಸೋಲುವುದು 5. ಹಳೆಯ ಪಟ್ಟಿಯಲ್ಲಿ 5 ಅಂದರೆ ಸಾವು, ಹಾಗಾಗಿ ಹಳೇ ಲೇಖನ ಓದಿ ಹೆದರಬೇಡಿ.

ಉತ್ತರ: ನಾನು ಆಸ್ತಮಾದವಳು. ಪ್ರತಿ ಸಲ ಚುಚ್ಚುವ ಮೊದಲು ಪೀಕ್ ಫ್ಲೋ (ಉಸಿರು ಎಷ್ಟು ಜೋರಾಗಿ ಹೊರಬರುತ್ತೆ ಅಂತ ಅಳೆಯುವ ಕೊಳವೆ) ಊದಿಸುತ್ತಾರೆ, ಕಮ್ಮಿ ಬಂದರೆ ಆ ದಿನ ಇಂಜೆಕ್ಷನ್ ಇಲ್ಲ. ಒಮ್ಮೆ ಮೊದಲು ಅಂಗೈ ತುರಿಕೆ, ಹಿಂದೆಯೇ ಗಂಟಲು ಕೆರೆತ, ಒಂದು ಒಣ ಕೆಮ್ಮು. ನರ್ಸ್ ಗ್ರೇಡ್ ಯೋಚಿಸುತ್ತಾ ಕೂರಲಿಲ್ಲ, ಸೀದಾ ತೊಡೆಗೆ ಅಡ್ರಿನಲಿನ್ (ಜೋರಾದ ಅಲರ್ಜಿ ರಿಯಾಕ್ಷನ್‌ಗೆ ಕೊಡುವ ತುರ್ತು ಔಷಧ) ಕೊಟ್ಟರು. ಗ್ರೇಡ್ ಹಾಕಿದ್ದು ಎಲ್ಲ ತಣ್ಣಗಾದ ಮೇಲೆ. ಅದೇ ಕ್ರಮ ಕೂಡ: 1ರಲ್ಲಿ ಶುರುವಾದದ್ದು ನೋಡ್ತಾ ನೋಡ್ತಾ 4 ಆಗಬಹುದು.

ಉತ್ತರ: ನಂಬರ್ ಒಂದನ್ನೇ ಹಿಡಿದುಕೊಂಡರೆ ಪ್ರಯೋಜನ ಕಮ್ಮಿ ಅನ್ನೋದು ನನ್ನ ಅಭಿಪ್ರಾಯ. ಚುಚ್ಚಿ ಎಷ್ಟು ನಿಮಿಷಕ್ಕೆ ಶುರುವಾಯ್ತು, ಏನು ಕೊಟ್ಟರು, ಆ ದಿನ ಜ್ವರ ಇತ್ತಾ, ಓಡಾಡಿ ದಣಿದಿದ್ದಳಾ, ಹೊಸ ಬಾಟಲಿ ತೆರೆದಿದ್ದರಾ, ಇದೆಲ್ಲ ಬರೆದಿಡಿ. ಮುಂದಿನ ಡೋಸ್ ಇಳಿಸಬೇಕೋ ಬೇಡವೋ ಅಂತ ಡಾಕ್ಟರ್ ನಿರ್ಧರಿಸೋದು ಇದನ್ನೆಲ್ಲ ನೋಡಿಯೇ.

ಪ್ರಶ್ನೆ ಕೇಳಿದವರು: ಬರೆದಿಡ್ತೀನಿ. ಇಂಜೆಕ್ಷನ್ ಆದಮೇಲೆ ಎಷ್ಟು ಹೊತ್ತು ಅಲ್ಲೇ ಕೂರಬೇಕು? ಅವಳಿಗೆ ಹೊರಡೋ ಆತುರ.

ಉತ್ತರ: 30 ನಿಮಿಷ, ರಿಯಾಯಿತಿ ಇಲ್ಲ. ಜೋರಾದ ರಿಯಾಕ್ಷನ್ ಹೆಚ್ಚಾಗಿ ಅಷ್ಟರೊಳಗೇ ಬರುತ್ತೆ. ತಡವಾಗಿ ಬರೋದೂ ಉಂಟು, ಅದಕ್ಕೆ ಆವತ್ತು ಆಟ, ಓಟ ಬೇಡ. ಮನೆಗೆ ಬಂದಮೇಲೆ ಉಸಿರಿಗೆ ಕಷ್ಟವಾದರೆ ಮಾತ್ರೆ ಕೊಟ್ಟು ಕಾಯಬೇಡಿ, ತಕ್ಷಣ ಎಮರ್ಜೆನ್ಸಿಗೆ.