ಹಳೇ ಟಿವಿ ಗೇಮ್ ಸದ್ದನ್ನು ಕೋಡ್‌ನಲ್ಲೇ ಮಾಡೋದು ಹೇಗೆ? ಮಾಡಿ ನೋಡಿದವರು ಹೇಳಿ

ಪ್ರಶ್ನೆ, ಕಲಬುರಗಿಯಿಂದ:
ಬೀದರ್ ಕೋಟೆಯಲ್ಲಿ ನಡೆಯುವ ಸಣ್ಣ ಗೇಮ್ ಒಂದನ್ನು ಪೈಥಾನ್‌ನಲ್ಲಿ ಮಾಡುತ್ತಿದ್ದೇನೆ, ಕಾಲೇಜ್ ಪ್ರಾಜೆಕ್ಟ್. ಜಿಗಿದಾಗ, ನಾಣ್ಯ ಸಿಕ್ಕಾಗ, ಬಾಗಿಲು ಒಡೆದಾಗ ಕ್ಯಾಸೆಟ್ ಹಾಕಿ ಆಡುತ್ತಿದ್ದ ಕಾಲದ ಸದ್ದು ಬರಬೇಕು. ಡೌನ್‌ಲೋಡ್ ಬೇಡ, ಕೋಡ್‌ನಿಂದಲೇ ಬೇಕು. ಸೈನ್ ವೇವ್ ಬರೆದೆ, ಬರೀ ಬೀಪ್ ಅನ್ನುತ್ತೆ. ಸ್ವರ ಏರಿಸಿದರೆ ಎಲ್ಲೋ ಹೋಗುತ್ತೆ, ಕೊನೆಗೆ ಟಕ್ ಅನ್ನುತ್ತೆ. ಏನು ಮಾಡಲಿ ಅಣ್ಣಾ?

ಬೀದರ್‌ನಿಂದ:
ಮೊದಲು ಸೈನ್ ಬಿಟ್ಟುಬಿಡು ತಮ್ಮಾ. 1983ರಲ್ಲಿ ಜಪಾನಿನಲ್ಲಿ ಬಂದ ಟಿವಿ ಗೇಮ್ ಯಂತ್ರ ನಿಂಟೆಂಡೊ ಫ್ಯಾಮಿಕಾಮ್‌ನಲ್ಲಿ ಇದ್ದದ್ದು ಎರಡು ಪಲ್ಸ್ (ಚೌಕ ವೇವ್), ಒಂದು ಟ್ರಯಾಂಗಲ್ (ತ್ರಿಕೋನ ವೇವ್), ಒಂದು ನಾಯ್ಸ್ (ಶ್ ಅನ್ನುವ ಸದ್ದು), ಜೊತೆಗೆ ಸಣ್ಣ ರೆಕಾರ್ಡಿಂಗ್ ನುಡಿಸುವ ಒಂದು ಚಾನೆಲ್, ಅಷ್ಟೇ. ನಮ್ಮ ಕಡೆ ಸಿಗುತ್ತಿದ್ದ ಟಿವಿ ಗೇಮ್‌ಗಳಲ್ಲಿ ಜಾಸ್ತಿ ಅದರ ನಕಲುಗಳೇ, ಹಾಗಾಗಿ ನಿನ್ನ ಕಿವಿಯಲ್ಲಿರುವುದೂ ಅದೇ ಸದ್ದು.

ಪಲ್ಸ್ ಬರೆಯೋದು ಒಂದೇ ಸಾಲಿನ ಕೆಲಸ. 0ಯಿಂದ 1ರವರೆಗೆ ಓಡಿ ಮತ್ತೆ 0ಗೆ ಬರುವ ಒಂದು ಫೇಸ್, ಅಂದ್ರೆ ವೇವ್ ತನ್ನ ಒಂದು ಸುತ್ತಿನಲ್ಲಿ ಎಲ್ಲಿದೆ ಅನ್ನೋ ಲೆಕ್ಕ, ಇಟ್ಟುಕೋ. ಅದು ಡ್ಯೂಟಿಗಿಂತ (ಸುತ್ತಿನಲ್ಲಿ ವೇವ್ ಮೇಲಿರುವ ಪಾಲು) ಕಡಿಮೆ ಇದ್ದರೆ +1, ಇಲ್ಲದಿದ್ದರೆ −1. ಡ್ಯೂಟಿ 0.5 ಇಟ್ಟರೆ ಸದ್ದು ದುಂಡಗೆ ಬರುತ್ತೆ, 0.125 ಇಟ್ಟರೆ ಮೂಗಿನಲ್ಲಿ ಹಾಡಿದ ಹಾಗೆ. ನಾಣ್ಯಕ್ಕೆ 988 ಹರ್ಟ್ಜ್ ಒಂದು ಚೂರು, ಹಿಂದೆಯೇ 1319 ಸ್ವಲ್ಪ ಉದ್ದ. ಸಾಕು, ಯಾರು ಕೇಳಿದರೂ ನಾಣ್ಯ ಅಂತಾರೆ.

ಕಲಬುರಗಿಯಿಂದ ಇನ್ನೊಬ್ಬರು:
ಸ್ವರ ಎಲ್ಲೋ ಹೋಗುತ್ತೆ ಅಂದ್ರಲ್ಲ, ಅದಕ್ಕೆ ಕಾರಣ ಇದೆ. ಜಿಗಿತಕ್ಕೆ 0.2 ಸೆಕೆಂಡಿನಲ್ಲಿ 200ರಿಂದ 700ಕ್ಕೆ ಏರಬೇಕು ಅಂತಿಟ್ಟುಕೊಳ್ಳಿ. ಬದಲಾಗುತ್ತಿರುವ ಫ್ರೀಕ್ವೆನ್ಸಿಯನ್ನು ಸುಮ್ನೆ ಸಮಯದಿಂದ ಗುಣಿಸಿ ಫೇಸ್ ತೆಗೆದರೆ ಏರಿಕೆ ಎರಡು ಪಟ್ಟಾಗಿ, ಕೊನೆಗೆ ಅದು 1200ಕ್ಕೆ ಹೋಗಿ ನಿಲ್ಲುತ್ತೆ. ಗುಣಿಸಬೇಡಿ, ಕೂಡಿಸುತ್ತಾ ಹೋಗಿ. ಪ್ರತಿ ಸ್ಯಾಂಪಲ್‌ಗೆ ಆ ಕ್ಷಣದ ಫ್ರೀಕ್ವೆನ್ಸಿಯನ್ನು 44100ರಿಂದ (ಸೆಕೆಂಡಿಗೆ ಇಷ್ಟು ಸ್ಯಾಂಪಲ್) ಭಾಗಿಸಿ ಫೇಸ್‌ಗೆ ಸೇರಿಸಿ, 1 ದಾಟಿದರೆ 1 ಕಳೆಯಿರಿ. ಇದೊಂದನ್ನು ಗಟ್ಟಿ ಮಾಡಿಕೊಂಡರೆ ಉಳಿದ ಎಲ್ಲ ಸದ್ದೂ ಕೈಗೆ ಬರುತ್ತೆ, ನನ್ನ ಪ್ರಕಾರ ಇಡೀ ಕೆಲಸದ ಜೀವಾಳವೇ ಇದು.

ಟಕ್ ಅನ್ನೋದು ವೇವ್ ಪೂರ್ತಿ ಎತ್ತರದಲ್ಲಿದ್ದಾಗಲೇ ತಟ್ಟನೆ ನಿಲ್ಲುವುದರಿಂದ. ವಾಲ್ಯೂಮ್ ಇಳಿಸುತ್ತಾ ಬನ್ನಿ. ಫ್ಯಾಮಿಕಾಮ್ ಪಲ್ಸ್‌ನಲ್ಲಿ ವಾಲ್ಯೂಮ್‌ಗೆ ಇದ್ದದ್ದು 0ಯಿಂದ 15ರವರೆಗೆ 16 ಮೆಟ್ಟಿಲು ಮಾತ್ರ, ನೀವೂ ಸೆಕೆಂಡಿನ 60ನೇ ಒಂದು ಭಾಗಕ್ಕೆ ಒಂದೊಂದೇ ಮೆಟ್ಟಿಲು ಇಳಿಸಿದರೆ ಆ ಹಳೇ ರುಚಿ ತಾನಾಗಿ ಬರುತ್ತೆ. ನಾಲ್ಕು ಚಾನೆಲ್ ಕೂಡಿಸುವಾಗ ಒಟ್ಟು ಮೊತ್ತ 16 ಬಿಟ್ ಸದ್ದಿನ ಮಿತಿಯಾದ 32767 ದಾಟದ ಹಾಗೆ ನೋಡಿಕೊಳ್ಳಿ, ದಾಟಿದರೆ ಬರೀ ಕರಕರ.

ಯಾದಗಿರಿಯಿಂದ:
ಬಾಗಿಲು ಒಡೆಯೋದಕ್ಕೆ ರ‍್ಯಾಂಡಮ್ ನಂಬರ್ ಹಾಕಬೇಡಿ, ಹಳೇ ಚಿಪ್ ಹಾಗೆ ಮಾಡುತ್ತಿರಲಿಲ್ಲ. ಅದರಲ್ಲಿದ್ದದ್ದು 15 ಬಿಟ್‌ನ ಶಿಫ್ಟ್ ರಿಜಿಸ್ಟರ್, ಅಂದ್ರೆ 0, 1ಗಳನ್ನು ಸಾಲಾಗಿ ಇಟ್ಟು ಸರಿಸುವ 15 ಮನೆ. ಕೊನೆಯ ಎರಡು ಬಿಟ್‌ಗಳ ಎಕ್ಸಾರ್ (ಎರಡೂ ಬೇರೆ ಇದ್ದರೆ 1, ಒಂದೇ ಇದ್ದರೆ 0) ತೆಗೆದು, ಎಲ್ಲವನ್ನೂ ಒಂದು ಮನೆ ಬಲಕ್ಕೆ ಸರಿಸಿ, ಬಂದದ್ದನ್ನು ಎಡತುದಿಗೆ ಹಾಕಬೇಕು. ಕೊನೆಯ ಬಿಟ್ಟೇ ಸದ್ದು. ಶುರುವಿಗೆ 1 ಇಡಿ, 0 ಇಟ್ಟರೆ ಎಂದೂ ಏಳೋದಿಲ್ಲ. ಸರಿಸುವ ವೇಗ ಕಡಿಮೆ ಮಾಡುತ್ತಾ ಹೋದರೆ ಕಟ್ಟಿಗೆ ಮುರಿದು ಬಿದ್ದಂಥ ಸದ್ದು ಬರುತ್ತೆ, ತುಂಬಾ ಖುಷಿ ಕೊಡುವ ಕೆಲಸ ಇದು.

ಮೇಲಿನ ಸ್ವರಗಳಲ್ಲಿ ಬೇಡದ ಸಿಳ್ಳೆ ಕೇಳಿಸಿದರೆ ಅದು ಅಲಿಯಾಸಿಂಗ್. ಪಲ್ಸ್‌ನ ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಎರಡು, ಮೂರು ಪಟ್ಟು ಹೀಗೆ ಜೊತೆಗೆ ಬರುವ ಸ್ವರಗಳು) 44100ರ ಅರ್ಧವಾದ 22050 ದಾಟಿ ಕೆಳಕ್ಕೆ ಮಡಚಿ ಬರುತ್ತವೆ. ಚಿಕ್ಕ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ, ಹಾಡಿಗಾದರೆ ಪಲ್ಸ್‌ನ ಚೂಪು ಅಂಚನ್ನು ನಯ ಮಾಡುವ ಪಾಲಿಬ್ಲೆಪ್ ಅನ್ನೋ ಲೆಕ್ಕ ಹಾಕಿ.

ಮತ್ತೆ ಬೀದರ್‌ನಿಂದ:
ಆಟದಲ್ಲಿ ನಮ್ಮ ಬೀದರ್‌ನ ನೌಬಾದ್ ಕರೇಜ್ (ಹಳೇ ನೆಲದಡಿಯ ನೀರಿನ ಕಾಲುವೆ) ಸುರಂಗ ಬಂದರೆ ಎರಡನೇ ಪಲ್ಸನ್ನು ಅಲ್ಲಿ ಬಳಸು. ಮೊದಲನೆಯದು ನುಡಿಸಿದ್ದನ್ನೇ ಸ್ವಲ್ಪ ತಡವಾಗಿ, ಮೆಲ್ಲಗೆ ನುಡಿಸಿದರೆ ಪ್ರತಿಧ್ವನಿ ಆಯ್ತು. ಆಗಿನ ಸಂಗೀತಗಾರರೂ ಹೀಗೇ ಮಾಡುತ್ತಿದ್ದರು.

ಪ್ರಶ್ನೆ ಕೇಳಿದವರು:
ಕೂಡಿಸುವ ಲೆಕ್ಕ ಹಾಕಿದೆ, ಜಿಗಿತ ಸರಿ ಬಂತು! ಆದರೆ ಟ್ರಯಾಂಗಲ್ ಬೇಸ್ ಫೋನಿನಲ್ಲಿ ಕೇಳಿಸುತ್ತಲೇ ಇಲ್ಲ.

ಯಾದಗಿರಿಯಿಂದ:
ಫೋನಿನ ಸಣ್ಣ ಸ್ಪೀಕರ್‌ಗೆ ಅಷ್ಟು ಕೆಳಗಿನ ಸ್ವರ ಬರೋದಿಲ್ಲ. ಒಂದು ಆಕ್ಟೇವ್, ಅಂದ್ರೆ ಎರಡು ಪಟ್ಟು ಫ್ರೀಕ್ವೆನ್ಸಿಗೆ, ಮೇಲೆ ಎತ್ತಿ, ಇಯರ್‌ಫೋನ್ ಹಾಕಿಯೂ ಒಮ್ಮೆ ಕೇಳಿ ನೋಡಿ.