ತಾಟೆ (ಶಾರ್ಕ್) ಹಿಡಿದು ದಾವಣಗೆರೆಗೆ ತಂದು ತಿನ್ನೋದು: ಅನುಭವ ಇದ್ದವರು ಹೇಳ್ರಪ್ಪಾ

ವಿದ್ಯಾನಗರ ಹುಡುಗ: ನವೆಂಬರ್‌ನಲ್ಲಿ ನಾಲ್ಕು ಜನ ಹೊನ್ನಾವರ, ಕುಮಟಾ ಕಡೆ ಹೊರಟಿದ್ದೀವಿ. ಸೂಳೆಕೆರೆಯಲ್ಲಿ ಕಾಟ್ಲಾಕ್ಕೆ ಹಾಕೋ ಗಾಳ ಐತೆ, 4000 ಸೈಜ್ ರೀಲ್. ತಾಟೆ ಸಿಕ್ಕರೆ ಐಸಲ್ಲಿಟ್ಟು ಊರಿಗೆ ತರೋ ಆಸೆ. ಅದೇ ಗಾಳ ಸಾಕಾ? ಮೂತ್ರದ ವಾಸನೆ ಹೊಡೆಯುತ್ತೆ ಅಂತಾರೆ, ಹೆಂಗೆ ತೆಗೀತೀರಿ? ಮನೇಲಿ ತಂಗಿ ಬಾಣಂತಿ, ತಾಟೆ ತಿಂದರೆ ಹಾಲು ಹೆಚ್ಚುತ್ತೆ ಅಂತಾರಲ್ಲ, ಕೊಡಬಹುದಾ? ಬಜೆಟ್ 15 ಸಾವಿರ.

ಹರಿಹರ ಸೇತುವೆ: ಕಾಟ್ಲಾ ಗಾಳ ಮನೇಲೇ ಇರಲಿ. ತಾಟೆ ದಾರ ಹರಿಯೋದು ಬರೀ ಹಲ್ಲಿಂದ ಅಲ್ರಿ. ಅದರ ಚರ್ಮ ಉಪ್ಪುಕಾಗದ ಇದ್ದಂಗೆ, ಒಂದು ಸಲ ಮೈ ಸುತ್ತಿಕೊಂಡು ಉರುಳಿತು ಅಂದ್ರೆ ನೈಲಾನ್ ದಾರ ಉಜ್ಜಿ ಉಜ್ಜಿ ತುಂಡು. ಅದಕ್ಕೇ ಲೀಡರ್ (ಮುಖ್ಯ ದಾರಕ್ಕೂ ಕೊಕ್ಕೆಗೂ ನಡುವಿನ ಗಟ್ಟಿ ದಾರ) ಉದ್ದ ಯಾವಾಗಲೂ ಮೀನಿನ ಉದ್ದದ ಒಂದೂವರೆ ಪಟ್ಟು ಇರಬೇಕು, ಬಾಲ ಬೀಸಿದರೂ ಬ್ರೇಡ್‌ಗೆ (ರೀಲಿನ ಹೆಣೆದ ಮುಖ್ಯ ದಾರ) ತಾಗಬಾರದು. ನನ್ನ ಕಟ್ಟು ಹಿಂಗೈತೆ: 50 ಪೌಂಡ್ ಭಾರ ತಡೆಯೋ ಬ್ರೇಡ್, ಅದಕ್ಕೆ 100 ಪೌಂಡ್ ಮೋನೋ (ಒಂದೆಳೆ ನೈಲಾನ್ ದಾರ) 2 ಮೀಟರ್, ಅದರ ಮೇಲೆ ಜಾರೋ 120 ಗ್ರಾಂ ಸೀಸ, ಆಮೇಲೆ ಸ್ವಿವೆಲ್ (ತಿರುಗೋ ಕೊಂಡಿ), ಕೊನೆಗೆ 45 ಸೆಂಟಿಮೀಟರ್ 49 ಎಳೆ ಸ್ಟೀಲ್ ವೈರ್, 8/0 ಅಳತೆಯ ಸರ್ಕಲ್ ಕೊಕ್ಕೆ (ಮೊನೆ ಒಳಕ್ಕೆ ಬಾಗಿದ್ದು).

ಖರ್ಚು ಬರೆದುಕೊಳ್ರಿ. ರಾಡ್ 3,200. 8000 ಸೈಜ್ ರೀಲ್ 5,800. ಬ್ರೇಡ್ 300 ಮೀಟರ್ 1,900. ವೈರ್ 650. ಸ್ಲೀವ್ (ವೈರ್ ಕುಣಿಕೆ ಬಿಗಿಯೋ ಲೋಹದ ಕೊಳವೆ) ಮತ್ತೆ ಅದನ್ನ ಒತ್ತೋ ಕ್ರಿಂಪರ್ 900. ಕೊಕ್ಕೆ 550. ಅಲ್ಲಿಗೆ 13 ಸಾವಿರ, ಐಸ್ ಬಾಕ್ಸ್ ಇನ್ನೂ ಬಂದಿಲ್ಲ. ಕ್ರಿಂಪರ್ ಬ್ಯಾಡ ಅಂತ ಸೈಕಲ್ ಶಾಪಿನ ಇಕ್ಕಳದಲ್ಲಿ ಒತ್ತೋರು ಅದಾರೆ, ಸ್ಲೀವ್ ಚಪ್ಪಟೆ ಆಗುತ್ತೆ, ಭಾರ ಬಿದ್ದ ಕೂಡಲೇ ವೈರ್ ಜಾರುತ್ತೆ. ಸ್ಲೀವ್‌ನ ಎರಡು ತುದಿ ಒತ್ತಬಾರದು, ನಡುವೆ ಮಾತ್ರ. ತುದಿ ಒತ್ತಿದ್ರೆ ಅದರ ಅಂಚೇ ವೈರ್ ಎಳೆಗಳನ್ನ ಒಂದೊಂದಾಗಿ ಕತ್ತರಿಸುತ್ತೆ.

ಮರಿಕಣಿವೆ ಹಿನ್ನೀರು: 13 ಸಾವಿರ! ಅದು ತಾಟೆ ಗಾಳನಾ, ಟ್ರ್ಯಾಕ್ಟರ್ ಕಂತಾ? ನದಿ ಬಾಯಲ್ಲಿ, ದಡದ ಹತ್ತಿರ ಸಿಗೋದು ಬಹಳಷ್ಟು ಮೂತಿ ಚಪ್ಪಟೆ ಇರೋ ಸಣ್ಣ ಜಾತಿ, ಬೆಳೆದರೂ ಎರಡು ಅಡಿ ಚಿಲ್ಲರೆ. ಅದಕ್ಕೆ 8/0 ಕೊಕ್ಕೆ ಬಾಯೊಳಗೇ ಹೋಗಲ್ಲ. 4/0 ಸರ್ಕಲ್, 30 ಪೌಂಡ್ ಬ್ರೇಡ್, 80 ಪೌಂಡ್ ಮೋನೋ ಒಂದು ಮೀಟರ್. ವೈರ್ ಹಾಕಲ್ಲ, ಹಾಕೋದೂ ಇಲ್ಲ. ಸರ್ಕಲ್ ಕೊಕ್ಕೆ ಬಾಯಿ ಮೂಲೆಗೆ ಕೂರುತ್ತೆ, ದಾರ ಹಲ್ಲಿನ ಆಚೆ ಇರುತ್ತೆ. ಆದರೆ ಕಾಟ್ಲಾಕ್ಕೆ ಜಗ್ಗಿದಂಗೆ ರಾಡ್ ಜಗ್ಗಬಾರದು, ಜಗ್ಗಿದ್ರೆ ಕೊಕ್ಕೆ ಈಚೆ ಬಂತು ಅಂತಲೇ. ದಾರ ಬಿಗಿಯಾಗೋ ತನಕ ಸುಮ್ಮನಿದ್ದು ಮೆಲ್ಲಗೆ ಸುತ್ತಬೇಕು.

ಇನ್ನು ಎರೆ. ಪಾಕೆಟ್‌ನಲ್ಲಿ ಬರೋ ಸಿಗಡಿ ದುಡ್ಡು ದಂಡ. ಅದೇ ದಿನದ ಬಂಗುಡೆ ತಗೊಂಡು ಬಾಲ ಕತ್ತರಿಸಿ ಎಸೀರಿ (ಬಾಲ ಇದ್ದರೆ ನೀರಿನ ಸೆಳೆತದಲ್ಲಿ ಗಿರಗಿರ ತಿರುಗಿ ಲೀಡರ್ ಹುರಿಯಾಗುತ್ತೆ), ಉಳಿದದ್ದು ಎರಡು ಬೆರಳ ಅಗಲ ತುಂಡು. ಕೊಕ್ಕೆಯ ಮೊನೆ ಪೂರ್ತಿ ಹೊರಗೆ ಕಾಣಬೇಕು. ಎರೆಯಲ್ಲಿ ಮೊನೆ ಮುಚ್ಚಿದರೆ ಸರ್ಕಲ್ ಕೊಕ್ಕೆ ಕೆಲಸ ಮಾಡಲ್ಲ.

ಹರಿಹರ ಸೇತುವೆ: ಸಣ್ಣದು ಮಾತ್ರ ಕಚ್ಚುತ್ತೆ ಅಂತ ಸಮುದ್ರದ ಜೊತೆ ಕರಾರು ಮಾಡ್ಕೊಂಡಿದೀರೇನ್ರಿ? ರೆಕ್ಕೆ ತುದಿ ಕಪ್ಪಿರೋದು ಒಂದು ಬಂತು ಅಂದ್ರೆ ನಿಮ್ಮ 80 ಪೌಂಡ್ ಮೋನೋ ಬಾಯಿಗೆ ಹಾಕ್ಕೊಂಡು ಹೋಗುತ್ತೆ, ಕೊಕ್ಕೆ ಅದರ ದವಡೆಯಲ್ಲೇ. ವೈರ್ ಇಲ್ಲದೆ ಮೀನು ಕಳಕೊಳ್ಳೋದು ಉಳಿತಾಯ ಅಲ್ಲ.

ಮರಿಕಣಿವೆ ಹಿನ್ನೀರು: ವೈರ್ ನೋಡಿ ಕಚ್ಚದೆ ಹೋದ ಮೀನಿನ ಲೆಕ್ಕ ಯಾರು ಇಡ್ತಾರೆ?

ಕೋಟೆ ಕೆಳಗೆ, ಚಿತ್ರದುರ್ಗ: ಗಾಳದ ಜಗಳ ಆಮೇಲೆ ಆಡ್ರಿ. ತಿನ್ನೋ ಮಾತು ಕೇಳಿದ್ದಾನೆ ಹುಡುಗ. ಮೊದಲನೇದು, ಅದು ಮೂತ್ರ ಅಲ್ಲ. ತಾಟೆ ತನ್ನ ರಕ್ತ, ಮಾಂಸದಲ್ಲೇ ಯೂರಿಯಾ ಇಟ್ಕೊಂಡಿರುತ್ತೆ, ಸಮುದ್ರದ ಉಪ್ಪಿಗೆ ಸಮತೂಕಕ್ಕೆ. ಮಾಂಸದಲ್ಲಿ ನೂರು ಗ್ರಾಂಗೆ ಸುಮಾರು 2 ಗ್ರಾಂ. ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನ ಒಡೆದು ಅಮೋನಿಯಾ ಮಾಡುತ್ತೆ, ಬಿಸಿಲಲ್ಲಿ ಇನ್ನೂ ಬೇಗ. ಹಂಗಾಗಿ ರುಚಿ ಕೆಡೋದು ಅಡುಗೆಮನೇಲಿ ಅಲ್ಲ, ದಡದಲ್ಲಿ.

ಮೀನು ಮೇಲೆ ಬಂದ ಕೂಡಲೇ ತಲೆಗೆ ಹೊಡೆದು ಕೊಲ್ರಿ. ಕಿವಿರಿನ ಹಿಂದೆ ಆಳವಾಗಿ ಒಂದು ಗೀಟು, ಬಾಲದ ಬುಡದಲ್ಲಿ ಮೂಳೆಯಂಥ ಮೃದ್ವಸ್ಥಿ ಮುಟ್ಟೋ ತನಕ ಇನ್ನೊಂದು. ತಲೆ ಕೆಳಗೆ ಮಾಡಿ ಸಮುದ್ರದ ನೀರಲ್ಲಿ ಅದ್ದಿ ಹಿಡೀರಿ, ಬರೋ ನೀರು ಕೆಂಪಿಂದ ತಿಳಿ ಗುಲಾಬಿಗೆ ತಿರುಗಬೇಕು. ಆಮೇಲೆ ಹೊಟ್ಟೆ ಸೀಳಿ ಕರುಳು, ಯಕೃತ್ತು ಎಲ್ಲ ತೆಗೆದು, ಬೆನ್ನುಮೂಳೆಗೆ ಅಂಟಿದ ಕಪ್ಪುಗೆಂಪು ಪಟ್ಟಿ (ಅದು ಮೂತ್ರಪಿಂಡ) ಚಮಚದ ಹಿಡಿಯಿಂದ ಕೆರೆದು ಹಾಕ್ರಿ. ಬಹಳ ಜನ ಬಿಡೋದು ಇದನ್ನೇ, ಮನೆಗೆ ಬಂದು ಮೀನು ಕೆಟ್ಟಿತ್ತು ಅಂತ ಮೀನುಗಾರರನ್ನ ಬೈಯ್ಯೋದು.

ಐಸ್ ಮೀನಿನ ತೂಕದಷ್ಟೇ ಬೇಕು, ಕಮ್ಮಿ ಆಗಬಾರದು. ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ, ಸಾಗರ, ಶಿವಮೊಗ್ಗ ದಾಟಿ ದಾವಣಗೆರೆ ಮುಟ್ಟೋಕೆ ಐದಾರು ಗಂಟೆ. ಥರ್ಮೋಕೋಲ್ ಡಬ್ಬಕ್ಕೆ ಕೆಳಗೆ ತೂತು ಇರಬೇಕು. ಕರಗೋ ಐಸಿನ ನೀರು ತುಂಡಿನ ಮೇಲಿಂದ ಹರಿದು ಹೋಗುವಾಗ ಸ್ವಲ್ಪ ಯೂರಿಯಾನೂ ತೊಳೆದುಕೊಂಡು ಹೋಗುತ್ತೆ. ನಿಂತ ನೀರಲ್ಲಿ ಬಿಟ್ಟರೆ ಮಾಂಸ ಮೆತ್ತಗೆ, ಬಿಳುಪು.

ಪಿ.ಜೆ. ಬಡಾವಣೆ: ಒಬ್ಬರೂ ಕಾನೂನು ಎತ್ತಲಿಲ್ಲ. ತಿಮಿಂಗಿಲ ಶಾರ್ಕ್, ಗರಗಸ ಮೀನು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರಲ್ಲಿವೆ, ಹುಲಿಗೆ ಇರೋ ರಕ್ಷಣೆಯೇ. ಅಗಲ ತಲೆ, ಉದ್ದ ಬಾಲದ ಗಿಟಾರ್ ಮೀನಿನ ಜಾತಿಯೂ ಆಗಲೇ ಸೇರಿದೆ. ಶಿಕ್ಷೆ 3ರಿಂದ 7 ವರ್ಷ ಜೈಲು, 2022ರ ತಿದ್ದುಪಡಿಯಲ್ಲಿ ದಂಡವೂ ಬಿಗಿಯಾಗಿದೆ, 25 ಸಾವಿರಕ್ಕೆ ಕಮ್ಮಿ ಇಲ್ಲ. ಯಾವ ಜಾತಿ ಅಂತ ಗೊತ್ತಾಗದಿದ್ದರೆ ಕೊಕ್ಕೆ ಹತ್ತಿರ ವೈರ್ ಕತ್ತರಿಸಿ ಬಿಡಿ. ಬೋಲ್ಟ್ ಕಟರ್ ಕೈಗೆ ಸಿಗೋ ಹಾಗೆ ಇರಲಿ. ಸ್ಟೇನ್‌ಲೆಸ್ ಕೊಕ್ಕೆ ಬೇಡ, ತುಕ್ಕು ಹಿಡಿದು ಉದುರೋ ಕೊಕ್ಕೆ ತಗೊಳ್ಳಿ. ಬಿಡೋ ಮೀನನ್ನ ಬಾಲ ಹಿಡಿದು ಎತ್ತಿ ಫೋಟೋ ತೆಗೆಸಬೇಡಿ. ಪಕ್ಕೆಲುಬು ಇಲ್ಲದ ಪ್ರಾಣಿ, ನೀರಿನಿಂದ ಮೇಲೆ ಬಂದರೆ ಒಳಗಿನ ಅಂಗಕ್ಕೆ ಆಧಾರವೇ ಇರಲ್ಲ. ನನ್ನ ಮಟ್ಟಿಗೆ ತಾಟೆ ಹಿಡಿದು ಬಿಡೋ ಮೀನು. ನಿಧಾನ ಬೆಳೆದು, ಕೆಲವೇ ಮರಿ ಹಾಕೋದನ್ನ ಮೋಜಿಗೆ ಹಿಡಿದು ಸಾರು ಮಾಡೋದು ನನಗೆ ಒಗ್ಗಲ್ಲ.

ಕುಂದಾಪುರದವಳು, ಈಗ ನಿಟುವಳ್ಳಿ: ಕೊಕ್ಕೆ ಚುಚ್ಚಿ ಅರ್ಧ ಗಂಟೆ ಎಳೆದಾಡಿ, ಸುಸ್ತು ಮಾಡಿ ಬಿಡುವುದು ದೊಡ್ಡ ದಯೆ ಅಲ್ಲವಾ ಮಾರಾಯ್ರೆ? ತಿನ್ನುವವರಾದರೂ ಹಿಡಿದದ್ದಕ್ಕೆ ಲೆಕ್ಕ ಕೊಡ್ತಾರೆ.

ಅಡುಗೆಗೆ ತಾಟೆ ಪುಟ್ಟು (ಮೀನು ಉದುರಿಸಿ ಮಾಡುವ ಒಣ ಪಲ್ಯ) ಮಾಡಿ: ಒಂದು ಕೆಜಿ ಒಳಗಿನ ಮರಿ ತಾಟೆಯೇ ಒಳ್ಳೆಯದು. ಕುದಿಯುವ ನೀರು ಮೈಮೇಲೆ ಸುರಿದು ಹತ್ತು ಎಣಿಸಿ, ತಣ್ಣೀರು ಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿದರೆ ಮರಳಿನಂಥದ್ದು ಬಿಟ್ಟು ಬರ್ತದೆ. ಜಾಸ್ತಿ ಹೊತ್ತು ಬಿಸಿನೀರಲ್ಲಿಟ್ಟರೆ ಚರ್ಮ ಬೆಂದು ಮಾಂಸಕ್ಕೇ ಅಂಟುತ್ತದೆ. ಪಕ್ಕದ ಕೆಂಪು ಮಾಂಸದ ಪಟ್ಟಿ ತೆಗೆದುಬಿಡಿ. ತುಂಡನ್ನು ಉಪ್ಪು ಹಾಕಿದ ತೆಳು ಮಜ್ಜಿಗೆಯಲ್ಲಿ ಒಂದು ಗಂಟೆ ಇಟ್ಟು ತೊಳೆಯಿರಿ. ನಂತರ ಅರಿಶಿನ, ಉಪ್ಪು, ಸ್ವಲ್ಪ ಹುಣಸೆಹುಳಿ ಹಾಕಿ ಬೇಯಿಸಿ, ಆರಿಸಿ, ನಡುವಿನ ಮೃದ್ವಸ್ಥಿ ಎಳೆದು ತೆಗೆದು, ಮಾಂಸ ಉದುರಿಸಿ ಬಟ್ಟೆಯಲ್ಲಿ ಹಿಂಡಿ. ಹಿಂಡದಿದ್ದರೆ ಪುಟ್ಟು ಮುದ್ದೆಯಾಗ್ತದೆ. ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಹಸಿಮೆಣಸು, ಕರಿಬೇವು, ಕಾಳುಮೆಣಸಿನ ಪುಡಿ. ಮೇಲೆ ಕಾಯಿತುರಿ. ನಿಮ್ಮ ಜೋಳದ ರೊಟ್ಟಿಗೂ ಆದೀತು.

ಕೋಟೆ ಕೆಳಗೆ, ಚಿತ್ರದುರ್ಗ: ಮಜ್ಜಿಗೆ, ನಿಂಬೆ ಎಲ್ಲ ಈಗಾಗಲೇ ಆದ ಅಮೋನಿಯಾದ ವಾಸನೆ ಅಡಗಿಸುತ್ತೆ, ಅಷ್ಟೇ. ಹಸಿ ತುಂಡು ಮೂಸಿದಾಗ ಕಣ್ಣಲ್ಲಿ ನೀರು ಬರೋ ಹಂಗಿದ್ದರೆ ಯಾವ ಹುಳಿಯೂ ಉಳಿಸಲ್ಲ, ಬಿಸಾಡಬೇಕು.

ಕುಂದಾಪುರದವಳು, ಈಗ ನಿಟುವಳ್ಳಿ: ಕಣ್ಣಲ್ಲಿ ನೀರು ಬರುವ ಮೀನು ನಮ್ಮ ಅಡುಗೆಮನೆಗೆ ಬರುವುದೇ ಇಲ್ಲ.

ಬಾಡಾ ಕ್ರಾಸ್: ಬಾಣಂತಿ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಹೇಳ್ತೀನಿ: ಕೊಡಬೇಡಿ. ತಾಟೆ ಬೇರೆ ಮೀನು ತಿಂದು ಬದುಕೋದು, ಅವುಗಳ ಮೈಯಲ್ಲಿದ್ದ ಮೀಥೈಲ್ ಪಾದರಸ ಇದರಲ್ಲಿ ಕೂಡುತ್ತಾ ಹೋಗುತ್ತೆ. ದೊಡ್ಡದಾದಷ್ಟೂ ಜಾಸ್ತಿ. ಅದು ಸ್ನಾಯುವಿನಲ್ಲೇ ಅಂಟಿಕೊಂಡಿರುತ್ತೆ, ಬೇಯಿಸಿದರೂ ಹೋಗಲ್ಲ, ಮಜ್ಜಿಗೆಗೂ ಹೋಗಲ್ಲ, ಚರ್ಮ ತೆಗೆದರೂ ಹೋಗಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಗರ್ಭಿಣಿಯರು, ಹಾಲೂಡಿಸೋರು, ಮಕ್ಕಳು ದೂರವಿಡಬೇಕಾದ ಮೀನಿನ ಪಟ್ಟಿಯಲ್ಲಿ ಶಾರ್ಕ್ ಹಾಕಿದೆ. ಹಾಲು ಹೆಚ್ಚೋದು ಮಗು ಎಷ್ಟು ಸಲ ಚೀಪುತ್ತೆ ಅನ್ನೋದರ ಮೇಲೆ. ತಂಗಿಗೆ ಮೀನೇ ಬೇಕಂದ್ರೆ ಬೂತಾಯಿ ಕೊಡಿ.

ಕುಂದಾಪುರದವಳು, ಈಗ ನಿಟುವಳ್ಳಿ: ಕರಾವಳಿಯಲ್ಲಿ ತಲೆಮಾರಿನಿಂದ ಬಾಣಂತಿಯರಿಗೆ ಮರಿ ತಾಟೆ ಕೊಡ್ತಾ ಬಂದಿದ್ದಾರೆ. ಎಲ್ಲ ಪೆದ್ದರಾ?

ಬಾಡಾ ಕ್ರಾಸ್: ಪೆದ್ದರು ಅಂತ ಯಾರೂ ಹೇಳಿಲ್ಲ. ಮರಿಯಲ್ಲಿ ಕಮ್ಮಿ ಇರುತ್ತೆ, ಒಪ್ಪಿದೆ. ಆದರೆ ಇವರು ಎಂಥದ್ದು ಹಿಡಿದು ತರ್ತಾರೋ ಇವರಿಗೇ ಗೊತ್ತಿಲ್ಲ, ಒಬ್ಬರು 8/0 ಕೊಕ್ಕೆ ಕಟ್ಟಿಸಿಬಿಟ್ಟಿದ್ದಾರೆ.

ಹರಿಹರ ಸೇತುವೆ: ಅದಕ್ಕೂ ನನ್ನ ಕೊಕ್ಕೆನೇ ಸಿಕ್ತಾ? ಹೇಳೋದು ಮರೆತಿದ್ದು, ಡ್ರ್ಯಾಗ್ (ಮೀನು ಎಳೆದಾಗ ರೀಲ್ ದಾರ ಬಿಡೋ ಬಿಗಿ) ಕೈ ಅಂದಾಜಲ್ಲಿ ಬಿಗೀಬೇಡ್ರಿ. ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ರಾಡ್ ಬಾಗಿಸಿ ಎಳೀರಿ, 50 ಪೌಂಡ್ ದಾರಕ್ಕೆ 6ರಿಂದ 7 ಕೆಜಿಗೆ ಬಿಡಬೇಕು. ವಾಪಸ್ ಬಂದ ದಿನವೇ ರೀಲ್ ತೊಳೀರಿ, ಡ್ರ್ಯಾಗ್ ಬಿಗಿ ಮಾಡಿ ಸಿಹಿನೀರು ಮೆಲ್ಲಗೆ ಚಿಮುಕಿಸಿ. ಒಣಗಿದ ಮೇಲೆ ಡ್ರ್ಯಾಗ್ ಸಡಿಲ ಮಾಡಿಡ್ರಿ.

ಮರಿಕಣಿವೆ ಹಿನ್ನೀರು: ಬಕೆಟ್‌ನಲ್ಲಿ ಮುಳುಗಿಸಿಟ್ರೆ ಆಯ್ತಪ್ಪ, ಚಿಮುಕಿಸೋದೇನು, ತುಳಸಿ ಪೂಜೆನಾ?

ಹರಿಹರ ಸೇತುವೆ: ಮುಳುಗಿಸ್ರಿ, ಮುಳುಗಿಸ್ರಿ. ಉಪ್ಪುನೀರು ಬೇರಿಂಗ್ ಒಳಗೆ ಹೋಗಿ ಕೂರುತ್ತೆ, ಮುಂದಿನ ಸೀಸನ್‌ಗೆ ಹಿಡಿ ತಿರುಗಿಸಿದಾಗ ರಾಗಿ ಕಲ್ಲಿನ ಸದ್ದು ಬರುತ್ತೆ. ಆಗ ಈ 13 ಸಾವಿರದ ಲೆಕ್ಕ ತಗೊಂಡು ಬರ್ರಿ, ಮಾತಾಡೋಣ.

ವಿದ್ಯಾನಗರ ಹುಡುಗ: ವೈರ್ ಹಾಕಬೇಕಾ ಬ್ಯಾಡ್ವಾ, ಅದೊಂದು ಇತ್ಯರ್ಥ ಮಾಡ್ರಪ್ಪಾ. ಜೂನ್, ಜುಲೈ ನಿಷೇಧದಲ್ಲಿ ದಡದ ಗಾಳಕ್ಕೂ ಅಡ್ಡಿ ಐತಾ?

ಪಿ.ಜೆ. ಬಡಾವಣೆ: ಜೂನ್ 1ರಿಂದ ಜುಲೈ 31ರ ನಿಷೇಧ ಯಾಂತ್ರಿಕ ದೋಣಿಗೆ, 10 ಅಶ್ವಶಕ್ತಿ ಮೀರಿದ ಎಂಜಿನ್‌ಗೆ. ನೀವು ಹೋಗ್ತಿರೋದು ನವೆಂಬರ್‌ಗೆ. ವೈರ್ ಹಾಕಿ, ಬೋಲ್ಟ್ ಕಟರ್ ಮರೀಬೇಡಿ.

ಮರಿಕಣಿವೆ ಹಿನ್ನೀರು: ಬಿಡೋಕೆ ಹೋಗೋರೂ ವೈರ್ ಪಕ್ಷ ಸೇರಿದ್ರಾ! ಮುಗೀತು.